ಮುಚ್ಚಳ ತೆಗೆಯದೆ ಇರುವ ಕೆಲಸ

ಹಾವಿನ ಮೊಟ್ಟೆಯನ್ನು ಮಗುಚಬಾರದು. ತಾಯಿ ಹಾಕಿದಾಗ ಯಾವ ಮಗ್ಗುಲು ಮೇಲಿತ್ತೋ ಕೊನೆವರೆಗೂ ಅದೇ ಮೇಲಿರಬೇಕು. ಅದಕ್ಕೇ ಮೊಟ್ಟೆಗಳನ್ನು ಎತ್ತಿ ಬೇರೆ ಡಬ್ಬಿಗೆ ಹಾಕುವ ಮೊದಲು ಪ್ರತಿಯೊಂದರ ನೆತ್ತಿಗೂ ಪೆನ್ಸಿಲ್ಲಿನಿಂದ ಒಂದು ಚಿಕ್ಕ ಗುರುತು ಹಾಕುತ್ತಾರೆ. ಕೈ ತಪ್ಪಿ ಒಂದು ಉರುಳಿದರೂ ಗುರುತು ನೋಡಿ ಮತ್ತೆ ಸರಿಯಾಗಿ ಕೂರಿಸಬಹುದು.

ಕೋಳಿ ಮೊಟ್ಟೆಯ ಲೆಕ್ಕ ಇಲ್ಲಿ ಪೂರ್ತಿ ಉಲ್ಟಾ. ಕಾವಿಗೆ ಕೂತ ಕೋಳಿ ದಿನಕ್ಕೆ ಎಷ್ಟೋ ಸಲ ಮೊಟ್ಟೆಗಳನ್ನು ಮಗುಚುತ್ತಲೇ ಇರುತ್ತದೆ. ಇಲ್ಲದಿದ್ದರೆ ಒಳಗಿನ ಭ್ರೂಣ ಪೊರೆಗೆ ಅಂಟಿ ಕೆಡುತ್ತದೆ. ಹಾವಿನ ಮೊಟ್ಟೆಯಲ್ಲಿ ಆ ಅಂಟಿಕೊಳ್ಳುವುದೇ ಬೇಕಾದದ್ದು. ಮೊಟ್ಟೆ ಹೊರಬಂದ ಒಂದೆರಡು ದಿನದಲ್ಲೇ ಭ್ರೂಣ ಮೇಲ್ಗಡೆಗೆ ಬಂದು ಚಿಪ್ಪಿನ ಒಳಮೈಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ತಿರುಗಿದರೆ ಹಳದಿಯ ಭಾರವೆಲ್ಲ ಅದರ ಮೇಲೇ ಬೀಳಬಹುದು. ಅಂದರೆ ನಾವು ಪ್ರೀತಿಯಿಂದ ಕೈಗೆತ್ತಿಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದರೂ ಸಾಕು, ಮರಿ ಉಳಿಯದೆ ಹೋಗಬಹುದು.

ನಾನು ಸಾಕುತ್ತಿರುವುದು ಕಾರ್ನ್ ಸ್ನೇಕ್. ಮೂಲತಃ ಅಮೆರಿಕದ ಆಗ್ನೇಯ ಭಾಗದ ಹಾವು. ವಿಷವಿಲ್ಲ, ಮೈತುಂಬ ಕಿತ್ತಳೆ ಕೆಂಪಿನ ಮಚ್ಚೆ, ಸ್ವಭಾವ ಸಾಧು. ಮೊದಲ ಸಲ ಮರಿ ಮಾಡಿಸಬೇಕು ಅನ್ನುವವರಿಗೆಲ್ಲ ಇದನ್ನೇ ಹೇಳುತ್ತಾರೆ, ಏಕೆಂದರೆ ಇದರ ಮೊಟ್ಟೆಗಳು ಸಣ್ಣಪುಟ್ಟ ಏರುಪೇರು ತಡೆದುಕೊಳ್ಳುತ್ತವೆ. ಸುಲಭ ಅಂತಾರೆ, ಸುಳ್ಳೇನಲ್ಲ. ಆದರೆ ಆ ಸುಲಭದ ಕೆಲಸವೆಲ್ಲ ಮೊದಲ ದಿನವೇ ಮುಗಿದುಹೋಗುತ್ತದೆ. ಉಳಿದ ಎರಡು ತಿಂಗಳು ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ.

ನಿಜ ಹೇಳಬೇಕಂದರೆ ಕಾಯುವುದು ಮೊಟ್ಟೆಗಿಂತ ಎಷ್ಟೋ ಮೊದಲೇ ಶುರುವಾಗಿರುತ್ತದೆ. ಗಂಡು ಹೆಣ್ಣು ಕೂಡಿದ ಮೇಲೆ ಹೆಣ್ಣಿನ ಹೊಟ್ಟೆಯ ಹಿಂಭಾಗ ಮೆಲ್ಲಗೆ ಉಬ್ಬುತ್ತಾ ಬರುತ್ತದೆ. ಊಟ ಬೇಡ ಅನ್ನುತ್ತದೆ. ಮೊಟ್ಟೆ ಹಾಕುವ ಒಂದೆರಡು ವಾರ ಮುಂಚೆ ಒಮ್ಮೆ ಪೊರೆ ಬಿಡುತ್ತದೆ. ಸಾಕುವವರು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳುವುದು ಈ ಪೊರೆಯ ದಿನವನ್ನೇ. ಆಗ ಒದ್ದೆ ಪಾಚಿ ತುಂಬಿದ, ಮುಚ್ಚಳಕ್ಕೆ ತೂತು ಮಾಡಿದ ಒಂದು ಡಬ್ಬಿಯನ್ನು ಒಳಗಿಡಬೇಕು. ಇಡದಿದ್ದರೆ ನೀರಿನ ಬಟ್ಟಲಲ್ಲೇ ಹಾಕಿಬಿಡುವುದುಂಟು, ಹೆಚ್ಚು ಹೊತ್ತು ನೀರಲ್ಲಿ ಮುಳುಗಿದ ಮೊಟ್ಟೆ ಉಳಿಯುವುದು ಕಷ್ಟ. ನಮ್ಮ ಹೆಣ್ಣು ಆ ಡಬ್ಬಿಯನ್ನು ಹೊಕ್ಕು, ಹೊರಬಂದು, ಪಾಚಿಯನ್ನು ಮೂತಿಯಿಂದ ತಳ್ಳಿ, ಇಡೀ ಟ್ಯಾಂಕಿನ ಗೋಡೆಗುಂಟ ಸುತ್ತು ಹಾಕಿ ಮತ್ತೆ ಹೊಗುತ್ತಿತ್ತು. ಅದರ ಚಡಪಡಿಕೆ ನೋಡಿ ನನಗೂ ನಿದ್ದೆ ಹೋಯಿತು ಅನ್ನಿ.

ಮೊಟ್ಟೆಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಫೋಟೋದಲ್ಲಿ ನೋಡಿದ್ದಕ್ಕೂ ಕೈಲಿ ಮುಟ್ಟಿದ್ದಕ್ಕೂ ಬಹಳ ವ್ಯತ್ಯಾಸ. ಇವು ಗಟ್ಟಿ ಚಿಪ್ಪಿನವಲ್ಲ. ಮೆತ್ತಗಿನ ಚರ್ಮದ ಥರ ಇರುತ್ತವೆ, ಬೆರಳು ತಾಗಿದರೆ ಸ್ವಲ್ಪವೇ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಹೊರಬಂದಾಗ ಒದ್ದೆಯಾಗಿ ಮಿನುಗುತ್ತವೆ. ಒಣಗುತ್ತಾ ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ. ಅಂಟಿದ್ದನ್ನು ಬಿಡಿಸಲು ಹೋಗಬಾರದು, ಹರಿಯುತ್ತದೆ. ಗೊಂಚಲನ್ನು ಗೊಂಚಲಾಗಿಯೇ ಇಟ್ಟರಾಯಿತು. ಮಧ್ಯೆ ಒಂದೆರಡು ಸಣ್ಣಗೆ, ಹಳದಿಯಾಗಿ, ಮೇಣ ಮೆತ್ತಿದ ಹಾಗೆ ಕಂಡವು. ಸಾಕುವವರ ಮಾತಲ್ಲಿ ಇವು ಸ್ಲಗ್. ಜೊಳ್ಳು ಮೊಟ್ಟೆ, ಒಳಗೆ ಏನೂ ಬೆಳೆಯುವುದಿಲ್ಲ. ಮೊದಲ ಸಲ ಮೊಟ್ಟೆ ಹಾಕುವ ಹೆಣ್ಣಲ್ಲಿ ಇಂಥವು ಇರುವುದು ಸಾಮಾನ್ಯ.

ಮೊಟ್ಟೆ ಹಾಕಿ ಮುಗಿದ ಮೇಲೆ ಹೆಣ್ಣಿನ ಮೈ ನೋಡಲಾಗುತ್ತಿರಲಿಲ್ಲ. ಎರಡೂ ಪಕ್ಕ ಜೋತುಬಿದ್ದ ಚರ್ಮ, ಎದ್ದು ಕಾಣುವ ಬೆನ್ನುಮೂಳೆ. ಅದು ಮೊಟ್ಟೆಗಳತ್ತ ತಿರುಗಿಯೂ ನೋಡಲಿಲ್ಲ. ಕಾರ್ನ್ ಸ್ನೇಕ್ ಹಾಗೇ, ಹಾಕಿ ಹೊರಟುಹೋಗುವ ಜಾತಿ. ಎಲ್ಲ ಹಾವುಗಳೂ ಹೀಗಲ್ಲ. ಕಾಳಿಂಗ ಸರ್ಪದ ಹೆಣ್ಣು ಮೈಯಿಂದಲೇ ತರಗೆಲೆ ಗುಡ್ಡೆ ಮಾಡಿ ಗೂಡು ಕಟ್ಟಿ ಕಾವಲು ಕೂರುತ್ತದೆ. ಬರ್ಮೀಸ್ ಹೆಬ್ಬಾವು ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ, ಸ್ನಾಯುಗಳನ್ನು ನಡುಗಿಸಿ ಮೈಬಿಸಿ ಹುಟ್ಟಿಸಿ ಕಾವು ಕೊಡುತ್ತದೆ. ತಣ್ಣನೆ ರಕ್ತದ ಪ್ರಾಣಿ ಮೊಟ್ಟೆಗೋಸ್ಕರ ಬೆಚ್ಚಗಾಗುವುದು ಅಂದರೆ ಸಾಮಾನ್ಯದ ಮಾತಲ್ಲ. ನಮ್ಮದಕ್ಕೆ ಅಂಥ ಯೋಚನೆಯೇನೂ ಇರಲಿಲ್ಲ. ಒಂದು ಸಣ್ಣ ಇಲಿ ಕೊಟ್ಟೆ, ಗಬಕ್ಕನೆ ನುಂಗಿತು. ಆಗ ನನಗೆ ಉಸಿರು ಬಂತು.

ಮೊಟ್ಟೆಗಳನ್ನು ಕೂರಿಸುವುದು ವರ್ಮಿಕ್ಯುಲೈಟ್‌ನಲ್ಲಿ. ಗಿಡ ಬೆಳೆಸುವವರು ಕುಂಡಕ್ಕೆ ಹಾಕುತ್ತಾರಲ್ಲ, ಅದೇ ಹಗುರ ಖನಿಜ. ತೂಕಕ್ಕೆ ಸಮ ತೂಕ ನೀರು ಬೆರೆಸುವುದು ಒಂದು ಲೆಕ್ಕ. ನನಗೆ ಜಾಸ್ತಿ ನೆರವಾದದ್ದು ಕೈಯ ಲೆಕ್ಕ: ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಮೊಟ್ಟೆಯನ್ನು ಅರ್ಧ ಹೂತು ಅರ್ಧ ಹೊರಗೆ ಬಿಡಬೇಕು. ಆಮೇಲೆ ಡಬ್ಬಿ ಇನ್ಕ್ಯುಬೇಟರ್, ಅಂದರೆ ಕಾವು ಕೊಡುವ ಪೆಟ್ಟಿಗೆಯ ಒಳಗೆ. ತಾಪಮಾನ 28 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇಟ್ಟರೆ ಸುಮಾರು 55ರಿಂದ 65 ದಿನಕ್ಕೆ ಮರಿ. ತಂಪಾದರೆ ಇನ್ನೂ ತಡವಾಗುತ್ತದೆ, ಅದರಿಂದ ದೊಡ್ಡ ತೊಂದರೆ ಇಲ್ಲ. ಭಯ ಇರುವುದು ಬಿಸಿ ಏರಿದಾಗ. ಬಿಸಿ ಜಾಸ್ತಿಯಾದರೆ ಬೆನ್ನುಮೂಳೆ ಸೊಟ್ಟಗಾದ ಮರಿ ಬರಬಹುದು, ಇಲ್ಲವೇ ಒಳಗೇ ಸಾಯಬಹುದು. ಹಾಗಾಗಿ ಬೇಗ ಆಗಲಿ ಅಂತ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಅರ್ಧ ಡಿಗ್ರಿ ಏರಿಸುವ ಆಸೆ ಬಂದಾಗ ಕೈ ಕಟ್ಟಿಕೊಂಡು ಕೂರಬೇಕು. ಥರ್ಮೋಸ್ಟಾಟ್ ಒಂದನ್ನೇ ನಂಬಬಾರದು ಅನ್ನುವುದು ನನ್ನ ಅಭಿಪ್ರಾಯ. ಮೊಟ್ಟೆಯ ಪಕ್ಕದಲ್ಲೇ ಇನ್ನೊಂದು ಥರ್ಮಾಮೀಟರ್ ಇರಲಿ. ಎರಡೂ ಒಂದೇ ಸಂಖ್ಯೆ ಹೇಳುವುದು ಅಪರೂಪ, ಅದಕ್ಕೇ ಎರಡು ಬೇಕು.

ಒಂದು ವಿಷಯದಲ್ಲಿ ಹಾವಿನವರು ನಿಶ್ಚಿಂತೆ. ಮೊಸಳೆಗಳಲ್ಲಿ, ಎಷ್ಟೋ ಆಮೆಗಳಲ್ಲಿ ಮರಿ ಗಂಡೋ ಹೆಣ್ಣೋ ಅನ್ನುವುದನ್ನು ಗೂಡಿನ ಬಿಸಿಯೇ ತೀರ್ಮಾನಿಸುತ್ತದೆ. ಹಾವುಗಳಲ್ಲಿ ಅದು ವರ್ಣತಂತುಗಳಲ್ಲೇ ಮೊದಲೇ ಬರೆದಿರುತ್ತದೆ. ಡಿಗ್ರಿ ತಿರುಗಿಸಿ ಅದನ್ನು ಬದಲಿಸಲಾಗದು.

ಸರಿ, ಡಬ್ಬಿ ಒಳಗಿಟ್ಟಾಯಿತು. ಇನ್ನು? ಇನ್ನೇನಿಲ್ಲ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಹೊಸ ಗಾಳಿ ಹೋಗಲು ಬಿಟ್ಟು ಮುಚ್ಚಿದರೆ ಮುಗಿಯಿತು. ಚಿಪ್ಪಿನ ಮೂಲಕವೇ ಮರಿ ಉಸಿರಾಡುತ್ತದೆ, ದೊಡ್ಡದಾದಷ್ಟೂ ಗಾಳಿ ಜಾಸ್ತಿ ಬೇಕು. ಆದರೆ ವಾರಕ್ಕೊಮ್ಮೆ ಅನ್ನುವ ಮಾತು ಪಾಲಿಸುವವರು ಯಾರಿದ್ದಾರೆ? ನಾನಂತೂ ಹಲ್ಲುಜ್ಜಲು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಬಗ್ಗಿ ನೋಡುತ್ತಿದ್ದೆ. ವರ್ಷಗಳಿಂದ ಹಾವು ಸಾಕುತ್ತಿರುವ ಹಿರಿಯರೊಬ್ಬರಿಗೆ ಫೋನ್ ಮಾಡಿ ಮಾಡಿ ತಲೆ ತಿಂದೆ.

"ಅಣ್ಣಾ, ಮುಚ್ಚಳದ ಒಳಗೆ ನೀರು ಹನಿ ಕಟ್ಟಿದೆ."

"ಕಟ್ಟಲಿ. ಮೊಟ್ಟೆ ಮೇಲೆ ಬೀಳದಂಗೆ ಒರೆಸು, ಮುಚ್ಚು."

"ಒಂದು ಮೊಟ್ಟೆ ಸ್ವಲ್ಪ ಕಂದುಬಣ್ಣ ಆಗಿದೆ."

"ಆಗಲಿ ಬಿಡು. ಮುಚ್ಚು."

"ಸುಮ್ನೆ ಕೂರೋದಕ್ಕೆ ಆಗ್ತಿಲ್ಲ."

"ಮೊಟ್ಟೆಗೆ ಕೆಲಸ ಇದೆಯಪ್ಪಾ, ನಿನಗಿಲ್ಲ. ಅಷ್ಟೇ ನಿನ್ನ ಕಷ್ಟ."

ಈ ಮಾತಿಗೆ ಆಗ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತೆ, ಅವರು ಇಡೀ ವಿಷಯವನ್ನು ಒಂದೇ ಸಾಲಿನಲ್ಲಿ ಹೇಳಿದ್ದರು.

ಟಾರ್ಚ್ ಹಿಡಿದು ನೋಡುವುದೊಂದೇ ಈ ಅವಧಿಯಲ್ಲಿ ಸಿಗುವ ಸಮಾಧಾನ. ಕೋಣೆಯ ದೀಪ ಆರಿಸಿ, ಮೊಟ್ಟೆಯನ್ನು ಅಲ್ಲಾಡಿಸದೆ, ಒಂದು ಸಣ್ಣ ಎಲ್‌ಇಡಿ ಟಾರ್ಚನ್ನು ಪಕ್ಕಕ್ಕೆ ಒತ್ತಿ ಹಿಡಿಯಬೇಕು. ಮೊಟ್ಟೆ ಒಳಗಿಂದ ಬೆಳಗುತ್ತದೆ. ಮೊದಲ ವಾರದಲ್ಲಿ ಗುಲಾಬಿ ಛಾಯೆ, ಅದರೊಳಗೆ ಕೂದಲೆಳೆಯಂಥ ಕೆಂಪು ರಕ್ತನಾಳಗಳು ಕವಲೊಡೆದು ಹರಡಿರುತ್ತವೆ. ಅಲ್ಲೇ ಒಂದು ಕೆಂಪು ಚುಕ್ಕೆ. ಕಣ್ಣು ಮಿಟುಕಿಸದೆ ನೋಡಿದೆ, ಅದು ಮಿಡಿಯುತ್ತಿತ್ತು. ಜೊಳ್ಳು ಮೊಟ್ಟೆಗೆ ಬೆಳಕು ಹಿಡಿದರೆ ಬರೀ ಹಳದಿ, ನಾಳವಿಲ್ಲ, ಏನೂ ಇಲ್ಲ. ದಿನ ಕಳೆದಂತೆ ಬೆಳಗುವ ಜಾಗ ಕಡಿಮೆಯಾಗಿ ಕಪ್ಪು ನೆರಳು ತುಂಬಿಕೊಳ್ಳುತ್ತದೆ. ಆ ನೆರಳು ಒಮ್ಮೊಮ್ಮೆ ಹೊರಳುವುದೂ ಕಾಣುತ್ತದೆ. ಇದನ್ನು ಅಗತ್ಯ ಇದ್ದಾಗ ಮಾತ್ರ ನೋಡಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾಳ ಕಂಡ ಮೇಲೆ ಮತ್ತೆ ನೋಡುವುದರಲ್ಲಿ ಮರಿಗೆ ಲಾಭವಿಲ್ಲ, ನಮ್ಮ ಆಸೆಗಷ್ಟೇ.

ಜೊಳ್ಳಿಗೆ ಬೂಷ್ಟು ಬರುವುದು ಗ್ಯಾರಂಟಿ. ಬೂದು ರೋಮ ಎದ್ದ ಹಾಗೆ ಬರುತ್ತದೆ, ಪಕ್ಕದ್ದಕ್ಕೂ ಹಬ್ಬುತ್ತಾ ಅಂತ ಎದೆ ಹೊಡೆದುಕೊಳ್ಳುತ್ತದೆ. ಗೊಂಚಲಿಗೆ ಅಂಟದೇ ಇದ್ದರೆ ತೆಗೆದುಬಿಡಬಹುದು. ಅಂಟಿದ್ದರೆ ಬಿಡುವುದೇ ಒಳ್ಳೆಯದು. ಜೀವ ಇರುವ ಮೊಟ್ಟೆ ಸಾಮಾನ್ಯವಾಗಿ ಬೂಷ್ಟನ್ನು ತಡೆದುಕೊಂಡು ನಿಲ್ಲುತ್ತದೆ. ನಮ್ಮಲ್ಲೂ ಕೊಳೆತ ಒಂದರ ಮಗ್ಗುಲಲ್ಲೇ ಇನ್ನೊಂದು ಬೆಳ್ಳಗೆ ದುಂಡಗೆ ಕೂತಿತ್ತು. ನೋಡುವವರಿಗೆ ಹೇಸಿಗೆ, ಅದಕ್ಕೇನೂ ಇಲ್ಲ.

ಹಾವಿನ ಮೊಟ್ಟೆ ಅಂದ ಕೂಡಲೇ ಜನ ಕೇಳುವ ಪ್ರಶ್ನೆಗಳಲ್ಲಿ ಒಂದು, ಗಂಡಿಲ್ಲದೆಯೂ ಮೊಟ್ಟೆ ಹಾಕುತ್ತಂತೆ ಹೌದಾ ಅಂತ. ಜೊಳ್ಳು ಮೊಟ್ಟೆ ಹಾಕಬಹುದು. ಅದಕ್ಕಿಂತ ಸೋಜಿಗದ್ದೂ ಇದೆ. 2020ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ವರ್ಷ ದಾಟಿದ ಒಂದು ಬಾಲ್ ಪೈಥಾನ್ (ಹೆಬ್ಬಾವಿನ ಒಂದು ಜಾತಿ) ಏಳು ಮೊಟ್ಟೆ ಹಾಕಿತು. ಕನಿಷ್ಠ 15 ವರ್ಷದಿಂದ ಅದರ ಹತ್ತಿರ ಗಂಡು ಸುಳಿದಿರಲಿಲ್ಲ. ಹಾವುಗಳಲ್ಲಿ ಹೆಣ್ಣು ವೀರ್ಯವನ್ನು ಒಳಗೇ ಬಹಳ ಕಾಲ ಉಳಿಸಿಕೊಳ್ಳಬಲ್ಲದು. ಕೆಲವು ಜಾತಿಗಳಲ್ಲಿ ಗಂಡಿನ ಸಹಾಯವೇ ಇಲ್ಲದೆ ಮರಿಯಾಗುವುದೂ ದಾಖಲಾಗಿದೆ. ಹಾಗಾಗಿ ಒಂಟಿ ಹೆಣ್ಣು ಮೊಟ್ಟೆ ಹಾಕಿದರೆ ಕೂಡಲೇ ಕಸಕ್ಕೆ ಎಸೆಯಬೇಡಿ, ಬೆಳಕು ಹಿಡಿದು ನೋಡಿ.

ಇನ್ನೊಂದು ಪ್ರಶ್ನೆ ಬಣ್ಣದ್ದು. ಕಾರ್ನ್ ಸ್ನೇಕ್‌ನಲ್ಲಿ ಬಣ್ಣದ ಹುಚ್ಚು ಬಹಳ. ಕಪ್ಪು ವರ್ಣಕವೇ ಇಲ್ಲದ, ಕೆಂಪು ಕಣ್ಣಿನ ಅಮೆಲ್ ಎಲ್ಲರಿಗೂ ಇಷ್ಟ. ನಮ್ಮ ಜೋಡಿ ನೋಡಲು ಮಾಮೂಲಿ ಬಣ್ಣದ್ದೇ, ಎರಡೂ ಆ ಗುಣವನ್ನು ಮರೆಯಲ್ಲಿ ಹೊತ್ತಿವೆ ಅಂತ ಕೊಟ್ಟವರು ಹೇಳಿದ್ದರು. ಹಾಗಿದ್ದರೆ ನಾಲ್ಕಕ್ಕೆ ಒಂದು ಅಮೆಲ್ ಅನ್ನುವುದು ಲೆಕ್ಕ. ಜನ ಇದನ್ನು ಹನ್ನೆರಡು ಮೊಟ್ಟೆಗೆ ಮೂರು ಖಂಡಿತ ಅಂತ ಓದಿಕೊಳ್ಳುತ್ತಾರೆ. ಹಾಗಲ್ಲ. ಪ್ರತಿ ಮೊಟ್ಟೆಯದೂ ಬೇರೆ ಬೇರೆ ಅದೃಷ್ಟ. ಹನ್ನೆರಡರಲ್ಲಿ ಒಂದೂ ಬಾರದೆ ಇರುವ ಸಾಧ್ಯತೆ 100ಕ್ಕೆ 3ರಷ್ಟಿದೆ. ಕಾಯುವ ದಿನಗಳಲ್ಲಿ ಈ ಲೆಕ್ಕ ಹಾಕುತ್ತಾ ಕೂರುವುದು ಖುಷಿಯೇ. ಆದರೆ ಹಾಗೆ ಹಾಕುತ್ತಾ ಹಾಕುತ್ತಾ ನನಗೆ ಬೇರೆಯದೇ ಒಂದು ಲೆಕ್ಕ ಹೊಳೆಯಿತು. ಯಾವ ಬಣ್ಣದ್ದಾದರೂ ಸರಿ, ಇಷ್ಟೂ ಮರಿ ಎಲ್ಲಿಗೆ ಹೋಗಬೇಕು?

ಮೊಟ್ಟೆ ಕಾಯುವವರು ಯೋಚಿಸಬೇಕಾದದ್ದು ಇದು ಅಂತ ನನ್ನ ಗಟ್ಟಿ ಅಭಿಪ್ರಾಯ. ಕಾರ್ನ್ ಸ್ನೇಕ್ ಒಂದು ಸಲಕ್ಕೆ ಹತ್ತು, ಹದಿನೈದು, ಒಮ್ಮೊಮ್ಮೆ ಅದಕ್ಕೂ ಜಾಸ್ತಿ ಮೊಟ್ಟೆ ಹಾಕುತ್ತದೆ. ಮರಿಗಳನ್ನು ಒಟ್ಟಿಗೆ ಬಿಡುವ ಹಾಗಿಲ್ಲ, ಒಂದನ್ನೊಂದು ನುಂಗಬಹುದು. ಪ್ರತಿಯೊಂದಕ್ಕೂ ಪ್ರತ್ಯೇಕ ಡಬ್ಬಿ, ನೀರಿನ ಬಟ್ಟಲು, ಅಡಗಲು ಜಾಗ, ಒಂದು ಬದಿ ಬೆಚ್ಚಗೆ, ಮುಚ್ಚಳ ಭದ್ರ. ಮರಿಗಳು ಪೆನ್ಸಿಲ್‌ಗಿಂತ ತೆಳ್ಳಗೆ ಇರುತ್ತವೆ, ಎಷ್ಟು ಸಣ್ಣ ಸಂದಿಯಲ್ಲೂ ಜಾರಿಹೋಗುತ್ತವೆ. ಊಟಕ್ಕೆ ಆಗಷ್ಟೇ ಹುಟ್ಟಿದ, ರೋಮವಿಲ್ಲದ ಗುಲಾಬಿ ಇಲಿಮರಿ. ಅದು ಫ್ರೀಜರ್‌ನಲ್ಲಿ ಮೊದಲೇ ಇರಬೇಕು. ಇವೆಲ್ಲ ಆದ ಮೇಲೆ 15, 20 ವರ್ಷ ಬದುಕುವ ಪ್ರಾಣಿಯನ್ನು ಸಾಕುವ ಜನ ಬೇಕು. ಫೋಟೋ ನೋಡಿ "ನನಗೊಂದು" ಅನ್ನುವವರು ಬಹಳ. ಇಲಿ ಎಲ್ಲಿ ಸಿಗುತ್ತೆ ಅಂತ ಕೇಳುವವರು ಕಡಿಮೆ. ನಾನು ನಂಬುವುದು ಎರಡನೆಯವರನ್ನು.

ಹೀಗೆ ಡಬ್ಬಿಗಳಿಗೆ ತೂತು ಕೊರೆಯುವ ಕೆಲಸ ಹಿಡಿದ ಮೇಲೆ ಇನ್ಕ್ಯುಬೇಟರ್ ಕಡೆ ಬಗ್ಗುವುದು ತನ್ನಷ್ಟಕ್ಕೆ ಕಡಿಮೆಯಾಯಿತು. ಮೊಟ್ಟೆಗೆ ನಾನು ಬೇಕಿರಲಿಲ್ಲ. ಮೊಟ್ಟೆಯಿಂದ ಬರುವವಕ್ಕೆ ಬೇಕಿತ್ತು.

ಕೊನೆಯ ಒಂದೆರಡು ವಾರದಲ್ಲಿ ಮೊಟ್ಟೆಗಳು ಕುಗ್ಗತೊಡಗುತ್ತವೆ. ಅಷ್ಟು ದಿನ ನೀರು ಹೀರಿ ಉಬ್ಬಿ ದುಂಡಗಿದ್ದವು ಇದ್ದಕ್ಕಿದ್ದಂತೆ ಮೇಲೆ ತಗ್ಗು ಬಿದ್ದು, ಗಾಳಿ ಇಳಿದ ಹಾಗೆ ಕಾಣುತ್ತವೆ. ಮೊದಲ ವಾರದಲ್ಲಿ ಹೀಗಾದರೆ ನೀರು ಕಡಿಮೆಯಾಯಿತು ಅಂತ ಅರ್ಥ. ಕೊನೆಯಲ್ಲಿ ಆದರೆ ಹೊತ್ತು ಹತ್ತಿರ ಬಂತು ಅಂತ. ಗೊತ್ತಿದ್ದರೂ ಭಯ ಬಿಡುವುದಿಲ್ಲ. ಇದೇ ಹೊತ್ತಿಗೆ ಹೊಸಬರು ನೀರು ಚಿಮುಕಿಸಲು ಹೋಗಿ ಮೊಟ್ಟೆಯನ್ನೇ ನೆನೆಸಿಬಿಡುತ್ತಾರೆ.

ಮರಿಯ ಮೂತಿಯ ತುದಿಯಲ್ಲಿ ಒಂದು ಪುಟಾಣಿ ಹಲ್ಲಿರುತ್ತದೆ. ಇರುವುದೇ ಚಿಪ್ಪು ಸೀಳಲು. ಕೆಲಸ ಮುಗಿದ ಸ್ವಲ್ಪ ದಿನಕ್ಕೆ ಅದು ಉದುರಿಹೋಗುತ್ತದೆ. ಕೋಳಿಮರಿ ಹಾಗೆ ಕುಟ್ಟಿ ಒಡೆಯುವುದಲ್ಲ, ಬ್ಲೇಡಿನಿಂದ ಗೀರಿದ ಹಾಗೆ ಒಂದು ಗೆರೆ, ಪಕ್ಕದಲ್ಲೇ ಇನ್ನೊಂದು. ಗೆರೆಯಿಂದ ಲೋಳೆ ಒಸರಿ ಗುಳ್ಳೆ ಕಟ್ಟುತ್ತದೆ. ನಮ್ಮ ಮೊದಲ ಮೊಟ್ಟೆಯಲ್ಲಿ ಆ ಗುಳ್ಳೆ ಒಡೆದು ಮೂತಿ ಹೊರಬಂತು. ಮೂಗಿನ ಎರಡು ಹೊಳ್ಳೆ ಕಾಣುವಷ್ಟು, ಅಷ್ಟೇ. ನಾನು ಸ್ವಲ್ಪ ಮುಂದೆ ಬಗ್ಗಿದ್ದೇ ತಡ, ಪಕ್ಕನೆ ಒಳಗೆ. ಮತ್ತೆ ಎಷ್ಟೋ ಹೊತ್ತಿನ ಮೇಲೆ ಇಡೀ ತಲೆ, ಕಣ್ಣು, ಒಂದು ಸಲ ನಾಲಗೆ. ಆಮೇಲೆ ಅಲ್ಲೇ ಗಲ್ಲ ಊರಿ ಕೂತುಬಿಟ್ಟಿತು.

ಹೀಗೆ ತಲೆ ಹೊರಗಿಟ್ಟು ಒಂದು ದಿನ, ಎರಡು ದಿನ ಕೂರುವುದು ಮಾಮೂಲು. ಉಳಿದ ಹಳದಿಯನ್ನೆಲ್ಲ ಹೊಟ್ಟೆಯೊಳಗೆ ಎಳೆದುಕೊಳ್ಳುವ ಸಮಯ ಅದು. ಹೊಕ್ಕುಳ ನಾಳಗಳು ಇನ್ನೂ ಚಿಪ್ಪಿಗೆ ಅಂಟಿಕೊಂಡಿರುತ್ತವೆ. ಎಳೆದರೆ ರಕ್ತ ಹೋಗುತ್ತದೆ. ಅದಕ್ಕೇ ಮೊಟ್ಟೆ ಕತ್ತರಿಸುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಮೊದಲನೆಯದು ಒಡೆದ ಕೂಡಲೇ ಉಳಿದವನ್ನೆಲ್ಲ ಕತ್ತರಿಯಲ್ಲಿ ಸೀಳಿ ತೆರೆಯುವವರಿದ್ದಾರೆ. ಒಳಗೆ ಸಿಕ್ಕಿಹಾಕಿಕೊಂಡ ಮರಿ ಉಳಿಯುತ್ತೆ ಅನ್ನುವುದು ಅವರ ವಾದ. ಅನುಭವ ಇರುವ ಕೈಗೆ ಅದು ಸಾಧ್ಯವೇನೋ. ಎಲ್ಲ ಹೊರಬಂದು ಎರಡು ಮೂರು ದಿನವಾದರೂ ಒಂದು ಮಾತ್ರ ಕದಲದಿದ್ದರೆ ಸಣ್ಣಗೆ ತೆರೆದು ನೋಡುವುದನ್ನು ನಾನೂ ಒಪ್ಪುತ್ತೇನೆ. ಆದರೆ ಬಹಳ ಸಲ ಕತ್ತರಿ ಎತ್ತಿಸುವುದು ಬಣ್ಣ ನೋಡುವ ಆತುರ, ಅಲ್ವಾ?

ನಮ್ಮಲ್ಲೂ ಕೊನೆಗೆ ಒಂದು ಕದಲಲಿಲ್ಲ. ತೆರೆದಾಗ ಒಳಗೆ ಪೂರ್ತಿ ಬೆಳೆದ ಮರಿ, ಮಚ್ಚೆ, ಹುರುಪೆ ಎಲ್ಲ ಸರಿಯಾಗಿತ್ತು. ಜೀವ ಇರಲಿಲ್ಲ. ಕಾರಣ ಕಾಣಲಿಲ್ಲ. ಅಣ್ಣನಿಗೆ ಫೋನ್ ಮಾಡಿದೆ. ಈ ಸಲ ಅವರು ಮುಚ್ಚು ಅನ್ನಲಿಲ್ಲ, "ಹಾಗಾಗುತ್ತೆ ಕಣೋ" ಅಂದರು, ಸ್ವಲ್ಪ ಹೊತ್ತು ಬೇರೆ ಏನೋ ಮಾತಾಡಿದರು.

ಉಳಿದವು ಹೊರಬಂದ ರೀತಿ ನೋಡಿದರೆ ಸಾಧು ಹಾವಿನ ಮಕ್ಕಳು ಅನ್ನುವಂತಿರಲಿಲ್ಲ. ಗೇಣುದ್ದದ ಮರಿ ಎಸ್ ಆಕಾರಕ್ಕೆ ಕತ್ತು ಮಡಚಿ, ಬಾಲ ನಡುಗಿಸಿ, ನನ್ನ ಬೆರಳಿಗೆ ಹೊಡೆಯಲು ಬಂತು. ತಾಗಿದ್ದೂ ಗೊತ್ತಾಗಲಿಲ್ಲ. ಅಮೆಲ್ ಬಂದವು, ಎಣಿಸಿ ಖುಷಿಪಟ್ಟೆ, ಸುಳ್ಳು ಯಾಕೆ. ಆದರೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ನೋಡಿದ್ದು ಮಾಮೂಲಿ ಬಣ್ಣದ ಒಂದನ್ನು, ಅದೇ ಮೊದಲು ಹೊಳ್ಳೆ ತೋರಿಸಿದ್ದನ್ನು.

ಹುಟ್ಟಿದ ಮೇಲೂ ಕಾಯುವುದು ತಪ್ಪುವುದಿಲ್ಲ. ಮೊದಲ ಪೊರೆ ಬಿಡಲು ವಾರ, ಹತ್ತು ದಿನ ಬೇಕು. ಅಲ್ಲಿವರೆಗೆ ಹೊಟ್ಟೆಯೊಳಗಿನ ಹಳದಿಯೇ ಊಟ. ಪೊರೆ ಬಿಟ್ಟ ಮೇಲೆ ಮೊದಲ ಇಲಿಮರಿ. ಕೆಲವು ಇಕ್ಕಳದಿಂದಲೇ ಕಿತ್ತುಕೊಂಡವು. ಕೆಲವು ಮೂಸಿ ತಿರುಗಿ ಮಲಗಿದವು. ಕಾರ್ನ್ ಸ್ನೇಕ್ ಮರಿಗಳಿಗೆ ಕಾಡಿನಲ್ಲಿ ಹಲ್ಲಿ, ಕಪ್ಪೆಗಳೂ ಊಟ, ಹಾಗಾಗಿ ಇಲಿಯನ್ನು ಊಟ ಅಂತ ಒಪ್ಪದವು ಇರುತ್ತವೆ. ಅಂಥವಕ್ಕೆ ಇಲಿಮರಿಗೆ ಹಲ್ಲಿಯ ವಾಸನೆ ಸವರಿ ಕೊಡುವುದುಂಟು, ಚಿಕ್ಕ ಡಬ್ಬಿಯಲ್ಲಿ ಇಲಿಮರಿಯ ಜೊತೆ ರಾತ್ರಿ ಬಿಡುವುದುಂಟು. ಸತತವಾಗಿ ಕೆಲವು ಸಲವಾದರೂ ತಿಂದು ತೋರಿಸದ ಮರಿಯನ್ನು ಯಾರಿಗೂ ಕೊಡಬಾರದು ಅನ್ನುವುದು ಒಳ್ಳೆ ಸಾಕಣೆದಾರರ ನಿಯಮ. ಆ ನಿಯಮದಿಂದಾಗಿ ಸದ್ಯಕ್ಕೆ ನಮ್ಮಲ್ಲಿ ಕೆಲವು ಡಬ್ಬಿಗಳು ಹಾಗೇ ಉಳಿದಿವೆ, ಅದರಲ್ಲೊಂದು ಆ ಮಾಮೂಲಿ ಬಣ್ಣದ್ದು. ಅದು ತಿನ್ನುತ್ತಿಲ್ಲ ಅನ್ನುವುದು ನೆಪ ಅಂತ ಮನೆಯಲ್ಲಿ ಅನುಮಾನ ಶುರುವಾಗಿದೆ.

ಮುಂದಿನ ವರ್ಷವೂ ಮಾಡಿಸುತ್ತೀಯಾ ಅಂತ ಅಣ್ಣ ಕೇಳಿದರು. ಈಗಿರುವವೆಲ್ಲ ಒಳ್ಳೆ ಮನೆ ಸೇರಲಿ, ಆಮೇಲೆ ನೋಡೋಣ ಅಂದೆ. ಗಂಡನ್ನು ಬೇರೆ ಕೋಣೆಗೆ ಸಾಗಿಸಿದ್ದೇನೆ ಅಂತಲೂ ಹೇಳಿದೆ. ಅವರು ನಕ್ಕರು. ಕಾರ್ನ್ ಸ್ನೇಕ್ ಹೆಣ್ಣು ಉಳಿಸಿಕೊಂಡ ವೀರ್ಯದಿಂದ ಅದೇ ವರ್ಷ ಎರಡನೇ ಕಂತು ಮೊಟ್ಟೆ ಹಾಕುವುದುಂಟು, ಹೊಟ್ಟೆ ಮುಟ್ಟಿ ನೋಡಿದ್ದೀಯಾ ಅಂದರು.